ಸೀಟು ಉಂಟು, ತೂಕ ಇಲ್ಲ

ದುಬೈಯಿಂದ ಹೊರಡುವ ವಿಮಾನಗಳ ಪ್ರಯಾಣಿಕರ ಪಟ್ಟಿಯ ಅಡಿಯಲ್ಲಿ ಇನ್ನೊಂದು ಪುಟ್ಟ ಪಟ್ಟಿ ಇರುತ್ತದೆ. ಅದರಲ್ಲಿರುವವರ ಹತ್ತಿರ ಟಿಕೆಟ್ ಇದೆ, ಸೀಟಿಲ್ಲ. ವಿಮಾನ ಕಂಪನಿಗಳ ನೌಕರರು, ಅವರ ಗಂಡ, ಹೆಂಡತಿ, ಮಕ್ಕಳು, ಊರಿನಿಂದ ಬಂದುಹೋಗುವ ಅಪ್ಪ ಅಮ್ಮ ಇವರೆಲ್ಲ ಆ ಪಟ್ಟಿಯವರು. ದುಡ್ಡು ಕೊಟ್ಟವರೆಲ್ಲ ಬಂದು ಸೇರಿದ ಮೇಲೆ ಜಾಗ ಉಳಿದರೆ ಇವರಿಗೆ, ಉಳಿಯದಿದ್ದರೆ ಮುಂದಿನ ವಿಮಾನ. ನಾನು ಅಲ್ಲಿನ ಒಂದು ವಿಮಾನ ಕಂಪನಿಯ ಲೋಡ್ ಕಂಟ್ರೋಲ್ ವಿಭಾಗದಲ್ಲಿ ಕೆಲಸ ಮಾಡುವವಳು. ಇವತ್ತಿನ ವಿಮಾನ ಎಷ್ಟು ಭಾರ ಹೊರಬಹುದು, ಆ ಭಾರ ಎಲ್ಲೆಲ್ಲಿ ಇರಬೇಕು ಎಂದು ಲೆಕ್ಕ ಹಾಕಿ ಪೈಲಟ್‌ಗೆ ಲೋಡ್ ಶೀಟ್ ಕೊಡುವುದು ನಮ್ಮ ವಿಭಾಗದ ಕೆಲಸ. ಹಾಗಾಗಿ ಆ ಪುಟ್ಟ ಪಟ್ಟಿಯನ್ನು ನಾನು ಎರಡೂ ಕಡೆಯಿಂದ ನೋಡಿದ್ದೇನೆ. ಹೆಸರು ಬರೆಸಿ ಗೇಟಿನ ಬಳಿ ಕಾದಿದ್ದೇನೆ, ಕಾದವರನ್ನು ಹತ್ತಿಸಬೇಡಿ ಎಂದು ಹೇಳಿಯೂ ಇದ್ದೇನೆ.

ನಮ್ಮದು ಮೂಡುಬಿದಿರೆ ಕಡೆ. ಮದುವೆಗೋ ಗೃಹಪ್ರವೇಶಕ್ಕೋ ಹೋದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನಿಮಗೆಂತ ಮಾರಾಯ್ತಿ, ವಿಮಾನ ಫ್ರೀ ಅಲ್ವಾ?" ಫ್ರೀ ಅಲ್ಲ, ಆದರೆ ಅಗ್ಗ ಎನ್ನುವುದು ನಿಜ. ನಾವು ಅದನ್ನು ಸಬ್‌ಲೋಡ್ ಟಿಕೆಟ್ ಎನ್ನುತ್ತೇವೆ. ಸ್ವಂತ ಕಂಪನಿಯ ವಿಮಾನವಾದರೆ ಐಡಿ 90 ಎಂಬ ಟಿಕೆಟ್ ಇದೆ, ದರದಲ್ಲಿ ನೂರಕ್ಕೆ ತೊಂಬತ್ತು ಬಿಡುತ್ತಾರೆ. ಆ ತೊಂಬತ್ತನ್ನು ಲೆಕ್ಕ ಹಾಕುವುದು ನೀವು ಆಫರ್‌ನಲ್ಲಿ ಕೊಳ್ಳುವ ದರದ ಮೇಲಲ್ಲ, ಯಾವ ಷರತ್ತೂ ಇಲ್ಲದ ಪೂರ್ಣ ದರದ ಮೇಲೆ. ಬೇರೆ ಕಂಪನಿಯ ವಿಮಾನವಾದರೆ ಝೆಡ್ ದರ ಇದೆ. ಪ್ರಪಂಚದ ಅನೇಕ ಕಂಪನಿಗಳು ಪರಸ್ಪರ ಒಪ್ಪಂದ ಮಾಡಿಕೊಂಡು, ದೂರವನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೂ ನಿಗದಿ ಮಾಡಿರುವ ದರ ಅದು. ನಮ್ಮ ನೌಕರರು ಅವರ ವಿಮಾನದಲ್ಲಿ, ಅವರ ನೌಕರರು ನಮ್ಮ ವಿಮಾನದಲ್ಲಿ. ಇವುಗಳ ಮೇಲೆ ವಿಮಾನ ನಿಲ್ದಾಣದ ಶುಲ್ಕ ಮತ್ತು ಸರ್ಕಾರದ ತೆರಿಗೆಗಳನ್ನು ನಾವೂ ಕಟ್ಟುತ್ತೇವೆ. ಎಷ್ಟೋ ಸಲ ಟಿಕೆಟ್ಟಿಗಿಂತ ತೆರಿಗೆಯೇ ಜಾಸ್ತಿ.

ಜಾಗ ಉಳಿಯುತ್ತದೋ ಇಲ್ಲವೋ ಎನ್ನುವುದು ತೀರ್ಮಾನವಾಗುವುದು ಕೊನೆಯ ಒಂದು ಗಂಟೆಯಲ್ಲಿ. ಅಂತರರಾಷ್ಟ್ರೀಯ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ ಅರುವತ್ತು ನಿಮಿಷ ಮೊದಲು ಚೆಕ್-ಇನ್ ಕೌಂಟರ್ ಮುಚ್ಚುತ್ತದೆ. ಟಿಕೆಟ್ ಕೊಂಡೂ ಬಾರದವರು ಯಾರು ಎಂದು ಗೊತ್ತಾಗುವುದು ಆಗ. ಕಂಪನಿಗಳು ಇದನ್ನು ಮೊದಲೇ ಅಂದಾಜು ಮಾಡಿ, ಇರುವ ಸೀಟಿಗಿಂತ ಕೆಲವು ಹೆಚ್ಚು ಟಿಕೆಟ್ ಮಾರಿರುತ್ತವೆ. ಇನ್ನೊಂದು ವಿಮಾನ ತಡವಾಗಿ ಬಂದು, ಅದರಲ್ಲಿ ಇಳಿದವರು ಇದನ್ನು ಹಿಡಿಯಲು ಓಡಿ ಬರುತ್ತಿರುತ್ತಾರೆ. ಬೆಳಗ್ಗೆ ಇಪ್ಪತ್ತು ಸೀಟು ಖಾಲಿ ತೋರಿಸಿದ ವಿಮಾನ ಸಂಜೆಗೆ ತುಂಬಿಹೋಗುವುದುಂಟು. ತುಂಬಿದೆ ಎಂದುಕೊಂಡು ಮನೆಗೆ ಹೊರಟವನನ್ನು ಫೋನ್ ಮಾಡಿ ವಾಪಸ್ ಕರೆಸಿದ್ದೂ ಉಂಟು. ಗೇಟಿನ ಹುಡುಗ ಹುಡುಗಿಯರು ಒಂದು ಕಡೆ ಕೊನೆಯ ಪ್ರಯಾಣಿಕರ ಹೆಸರು ಕೂಗುತ್ತಾ, ಇನ್ನೊಂದು ಕಡೆ ನಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಬಿಡಿಸುತ್ತಾ ಹೋಗುತ್ತಾರೆ. ಬ್ಯಾಗ್ ಕೈಯಲ್ಲಿ ಹಿಡಿದು, ಮಾತಾಡದೆ, ಕೌಂಟರಿನಿಂದ ಸ್ವಲ್ಪ ದೂರ ನಿಂತವರು ಕಂಡರೆ ಅವರು ನಮ್ಮವರೇ. ಕೌಂಟರಿಗೆ ಹೋಗಿ ಕೇಳುತ್ತಾ ನಿಲ್ಲಬಾರದು, ಕೆಲಸದವರಿಗೆ ಅಡ್ಡಿಯಾಗುತ್ತದೆ. ಇದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಇನ್ನು ನನ್ನ ಕೆಲಸದ ವಿಷಯ. ಗೇಟಿನಲ್ಲಿರುವ ಪುತ್ತೂರಿನ ಹುಡುಗನೊಬ್ಬ ಅಮೆರಿಕದ ವಿಮಾನದ ಹೊತ್ತಿಗೆ ಆಗಾಗ ಫೋನ್ ಮಾಡುತ್ತಾನೆ.

"ಅಕ್ಕಾ, ನಾಲ್ಕು ಸೀಟು ಖಾಲಿ ಉಂಟು. ಸ್ಟಾಫನ್ನು ಹಾಕ್ಲಾ?"

"ಬೇಡ ಮಾರಾಯಾ. ಸೀಟು ಉಂಟು, ತೂಕ ಇಲ್ಲ."

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಕಣ್ಣೆದುರಿಗೆ ಖಾಲಿ ಸೀಟು ಇರುವಾಗ ಹತ್ತಿಸಲು ಏನು ಅಡ್ಡಿ? ದುಬೈಯಿಂದ ಲಾಸ್ ಏಂಜಲಿಸ್‌ಗೆ ಸುಮಾರು ಹದಿನಾರು ಗಂಟೆಯ ಹಾದಿ. ಅಷ್ಟು ದೂರಕ್ಕೆ ಬೇಕಾದ ಇಂಧನವೇ ವಿಮಾನದ ಭಾರದ ದೊಡ್ಡ ಪಾಲು. ದಾರಿಯಲ್ಲಿ ಎದುರುಗಾಳಿ ಜೋರಿದೆ ಎಂದು ಹವಾಮಾನ ವರದಿ ಬಂದರೆ ಇನ್ನಷ್ಟು ಇಂಧನ ತುಂಬಬೇಕು. ನೆಲ ಬಿಡುವಾಗಿನ ಒಟ್ಟು ತೂಕಕ್ಕೆ ಮಿತಿ ಇದೆ. ಇಂಧನ ಏರಿದಷ್ಟೂ ಜನ, ಸಾಮಾನು ಇಳಿಯಬೇಕು. ಜುಲೈಯ ಮಧ್ಯಾಹ್ನ ದುಬೈಯಲ್ಲಿ 45 ಡಿಗ್ರಿ ದಾಟುವುದುಂಟು. ಬಿಸಿಗಾಳಿ ತೆಳು, ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಎಂಜಿನ್‌ನ ಬಲವೂ ಕಡಿಮೆ. ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿಯೂ ಗಾಳಿ ತೆಳುವೇ, ದೂರದ ವಿಮಾನಗಳು ಹೊರಡುವಾಗ ಈ ಲೆಕ್ಕ ಅಲ್ಲಿಯೂ ಬಿಗಿಯಾಗುತ್ತದೆ. ಯುರೋಪಿನ ನಿಯಮದಲ್ಲಿ ಒಬ್ಬ ವಯಸ್ಕ ಪ್ರಯಾಣಿಕನಿಗೆ ಕೈಚೀಲವೂ ಸೇರಿ 84 ಕಿಲೋ ಎಂದು ಹಿಡಿಯುತ್ತಾರೆ. ಜತೆಗೆ ಒಂದು ದೊಡ್ಡ ಸೂಟ್‌ಕೇಸ್ ಸೇರಿದರೆ ತಲೆಗೆ ನೂರು ಕಿಲೋ ದಾಟಿತು. ನಾಲ್ಕು ಜನರೆಂದರೆ ನಾನೂರು ಕಿಲೋಗಿಂತ ಮೇಲೆ. ಕೆಳಗೆ ಹೊಟ್ಟೆಯಲ್ಲಿ ಯಾರೋ ದುಡ್ಡು ಕೊಟ್ಟು ಕಳಿಸುತ್ತಿರುವ ಸರಕು ಇರುತ್ತದೆ. ಅದನ್ನು ಇಳಿಸಿ ಸಬ್‌ಲೋಡ್‌ನವರನ್ನು ಹತ್ತಿಸುವಂತಿಲ್ಲ.

ಹಾಗೆ ಬೇಡ ಎಂದು ಹೇಳಿದ ಮೇಲೆ ಆ ನಾಲ್ಕು ಜನ ಯಾರು ಎಂದು ನಾನು ಪಟ್ಟಿ ತೆಗೆದು ನೋಡುತ್ತೇನೆ. ನೋಡಬೇಕೆಂದು ನಿಯಮವಿಲ್ಲ. ಆದರೆ ನನ್ನ ಒಂದು ಮಾತಿನಿಂದ ಹಿಂದೆ ಉಳಿದವರು ಯಾರು ಎಂದು ನನಗೆ ಗೊತ್ತಿರಬೇಕು.

ಯಾರಿಗೆ ಮೊದಲು ಎಂಬುದಕ್ಕೆ ಒಂದೊಂದು ಕಂಪನಿಯ ಕ್ರಮ ಒಂದೊಂದು ಥರ. ಕೆಲವು ಕಡೆ ಕೆಲಸಕ್ಕೆ ಸೇರಿದ ದಿನಾಂಕ ನೋಡುತ್ತಾರೆ, ಹಳಬರು ಮೇಲೆ. ಕೆಲವು ಕಡೆ ಮೊದಲು ಚೆಕ್-ಇನ್ ಮಾಡಿದವರಿಗೆ ಮೊದಲ ಸೀಟು. ಇನ್ನು ಕೆಲವು ಕಡೆ ಹುದ್ದೆಯ ದರ್ಜೆ ನೋಡುತ್ತಾರೆ. ಬೇರೆ ಕಂಪನಿಯವರು ಯಾವಾಗಲೂ ಸ್ವಂತ ನೌಕರರ ಕೆಳಗೆ. ಉಡುಪಿಗೂ ನಿಯಮವಿದೆ. 2017ರ ಮಾರ್ಚ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುನೈಟೆಡ್ ಕಂಪನಿಯು ನೌಕರರ ಪಾಸ್ ಮೇಲೆ ಪ್ರಯಾಣಿಸುತ್ತಿದ್ದ ಇಬ್ಬರು ಹುಡುಗಿಯರನ್ನು ಲೆಗ್ಗಿಂಗ್ಸ್ ತೊಟ್ಟಿದ್ದಕ್ಕಾಗಿ ಹತ್ತಿಸಲಿಲ್ಲ. ಅದು ದೊಡ್ಡ ಸುದ್ದಿಯಾಯಿತು. ಮಕ್ಕಳ ಉಡುಪಿನ ಮೇಲೆ ಅಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಅದೇ ಕಂಪನಿಯ ಇನ್ನೊಂದು ಸುದ್ದಿ ಜನರ ಮನಸ್ಸಿನಲ್ಲಿ ಒಂದು ಗೊಂದಲ ಉಳಿಸಿದೆ. 2017ರ ಏಪ್ರಿಲ್ 9ರಂದು ಷಿಕಾಗೋದಿಂದ ಲೂಯಿವಿಲ್‌ಗೆ ಹೊರಟಿದ್ದ ವಿಮಾನದಿಂದ ಡಾ. ಡೇವಿಡ್ ಡಾವ್ ಎಂಬ ಪ್ರಯಾಣಿಕರನ್ನು ಭದ್ರತೆಯವರು ನೆಲದ ಮೇಲೆ ಎಳೆದುಕೊಂಡು ಹೋದರು. ನಾಲ್ವರು ಸಿಬ್ಬಂದಿಗೆ ಜಾಗ ಮಾಡಿಕೊಡಲು ಹಾಗೆ ಮಾಡಿದ್ದು. ಅವರು ನಮ್ಮ ಪಟ್ಟಿಯವರಲ್ಲ. ಇನ್ನೊಂದು ಊರಿನಲ್ಲಿ ವಿಮಾನ ಹಾರಿಸಲು ಕಂಪನಿಯೇ ಕಳಿಸುತ್ತಿದ್ದ, ಡ್ಯೂಟಿಯ ಮೇಲಿದ್ದ ಸಿಬ್ಬಂದಿ. ಅವರು ಹೋಗದಿದ್ದರೆ ಅಲ್ಲಿ ಒಂದು ವಿಮಾನವೇ ನಿಲ್ಲುತ್ತದೆ, ಅದಕ್ಕೆ ಅವರಿಗೆ ಖಾತರಿ ಸೀಟು. ಹಾಗೆಂದು ಕುಳಿತವರನ್ನು ಎಳೆದುಹಾಕಿದ್ದು ಸರಿಯಾಗುವುದಿಲ್ಲ. ಆಮೇಲೆ ಆ ಕಂಪನಿ, ಸೀಟು ಬಿಟ್ಟುಕೊಡುವವರಿಗೆ 10,000 ಡಾಲರ್‌ವರೆಗೂ ಕೊಡುತ್ತೇವೆಂದು ನಿಯಮ ಬದಲಿಸಿತು. ರಜೆಯಲ್ಲಿ ಊರಿಗೆ ಹೊರಟ ನಮ್ಮಂಥವರಿಗಾಗಿ ದುಡ್ಡು ಕೊಟ್ಟ ಪ್ರಯಾಣಿಕರನ್ನು ಇಳಿಸುವುದಿಲ್ಲ. ಇಳಿಸುವುದಿದ್ದರೆ ನಮ್ಮನ್ನೇ ಇಳಿಸುತ್ತಾರೆ. ಸೀಟಿನಲ್ಲಿ ಕೂತು ಬೆಲ್ಟ್ ಕಟ್ಟಿಕೊಂಡ ಮೇಲೂ, ತಡವಾಗಿ ಬಂದ ಪ್ರಯಾಣಿಕನಿಗಾಗಿ ಎದ್ದು ಹೊರಗೆ ಬಂದವರಿದ್ದಾರೆ.

ಕರಾವಳಿಯವರಿಗೆ ದುಬೈಯಿಂದ ಊರಿಗೆ ಹೋಗುವುದು ಇನ್ನೂ ಕಷ್ಟ. ಭಾರತ ಮತ್ತು ದುಬೈ ನಡುವೆ 2014ರಲ್ಲಿ ಆದ ಒಪ್ಪಂದದಂತೆ ಒಂದೊಂದು ಕಡೆಯ ಕಂಪನಿಗಳು ವಾರಕ್ಕೆ ಸುಮಾರು 66,000 ಸೀಟುಗಳಿಗಿಂತ ಹೆಚ್ಚು ಹಾರಿಸುವಂತಿಲ್ಲ. ಜನ ಏರುತ್ತಲೇ ಇದ್ದಾರೆ, ಸೀಟು ಅಷ್ಟೇ. ಮಂಗಳೂರಿಗೆ ದುಬೈಯ ಕಂಪನಿಗಳ ವಿಮಾನಗಳು ಹೋಗುವುದಿಲ್ಲ, ಭಾರತದ ಕಂಪನಿಗಳದ್ದು ಮಾತ್ರ. ಹಾಗಾಗಿ ನಮ್ಮ ಟಿಕೆಟ್ಟಿನಲ್ಲಿ ಬೆಂಗಳೂರಿಗೋ ಕೇರಳಕ್ಕೋ ಇಳಿದು, ಅಲ್ಲಿಂದ ರಾತ್ರಿ ಬಸ್ಸು ಹಿಡಿಯಬೇಕು. ಜೂನ್ ಕೊನೆಗೆ ದುಬೈಯ ಶಾಲೆಗಳಿಗೆ ಬೇಸಿಗೆ ರಜೆ ಬಿದ್ದರಂತೂ ಸಂಸಾರಗಳು ಸಾಲಾಗಿ ಊರಿಗೆ ಹೊರಡುತ್ತವೆ. ಆಗ ಸಬ್‌ಲೋಡ್ ಎನ್ನುವುದು ಹೆಸರಿಗೆ ಮಾತ್ರ.

ಅಂಥ ಒಂದು ಜುಲೈಯಲ್ಲಿ ಅಪ್ಪನಿಗೆ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಬೆಂಗಳೂರಿನ ವಿಮಾನಕ್ಕೆ ಹೆಸರು ಕೊಟ್ಟೆ, ಆಗಲಿಲ್ಲ. ಅದರ ನಂತರದ್ದಕ್ಕೆ ಕೊಟ್ಟೆ, ಅದೂ ಆಗಲಿಲ್ಲ. ಅದೇ ಗೇಟಿನಲ್ಲಿ ಮಡಿಕೇರಿಯ ಹುಡುಗಿಯೊಬ್ಬಳು ಕಾದಿದ್ದಳು, ನಮ್ಮದೇ ಕಂಪನಿಯ ಗಗನಸಖಿ, ತಂಗಿಯ ಮದುವೆಗೆ ಹೊರಟವಳು. ಅವಳಿಗೆ ಸೀಟು ಸಿಗಲಿಲ್ಲ, ಸಿಬ್ಬಂದಿಯ ಮಡಚುವ ಸೀಟು ಸಿಕ್ಕಿತು. ಹೋಗುವಾಗ ನನ್ನ ಕೈ ಹಿಡಿದು, "ಇದನ್ನ ನಿಮಗೆ ಕೊಡೋಕೆ ಆಗೋದಿದ್ರೆ ಕೊಡ್ತಿದ್ದೆ ಅಕ್ಕಾ" ಎಂದಳು. ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಸೀಟಿನ ಬಗ್ಗೆ ಹೇಳಬೇಕು. ವಿಮಾನದ ಬಾಗಿಲುಗಳ ಬಳಿ ಗೋಡೆಗೆ ಅಂಟಿಕೊಂಡಂತೆ ಇರುವ, ಎದ್ದ ಕೂಡಲೇ ತಾನೇ ಮಡಚಿಕೊಳ್ಳುವ ಸೀಟು ಅದು. ಜಂಪ್ ಸೀಟ್ ಎನ್ನುತ್ತಾರೆ. ಬೋಯಿಂಗ್ 777-300 ವಿಮಾನಕ್ಕೆ ಹತ್ತು ಬಾಗಿಲು. ಐವತ್ತು ಸೀಟಿಗೆ ಕನಿಷ್ಠ ಒಬ್ಬರಂತೆ ಗಗನಸಖಿಯರು ಇರಬೇಕೆಂಬುದು ಬಹುತೇಕ ದೇಶಗಳ ನಿಯಮ. ಎಲ್ಲರೂ ಕೂತ ಮೇಲೆಯೂ ಇಂಥ ಒಂದೆರಡು ಸೀಟು ಉಳಿದರೆ, ಕ್ಯಾಪ್ಟನ್ ಒಪ್ಪಿದರೆ, ರಜೆಯ ಸಿಬ್ಬಂದಿಗೆ ಕೊಡುತ್ತಾರೆ. ಬೆನ್ನು ನೆಟ್ಟಗೆ, ಭುಜದ ಮೇಲಿಂದ ಪಟ್ಟಿಗಳು, ಒರಗಲು ಆಗುವುದಿಲ್ಲ, ಎದುರಿಗೆ ಪರದೆ ಇಲ್ಲ, ಪಕ್ಕದಲ್ಲಿ ಶೌಚಾಲಯದ ಬಾಗಿಲೋ ಅಡುಗೆ ಸಾಮಾನಿನ ಗಾಡಿಗಳೋ. ಬೆಂಗಳೂರಿಗೆ ನಾಲ್ಕು ಗಂಟೆಯೊಳಗಿನ ಹಾದಿಯಾದ್ದರಿಂದ ಹೇಗೋ ತಡೆದುಕೊಳ್ಳಬಹುದು. ನನ್ನಂಥ ನೆಲದ ಸಿಬ್ಬಂದಿಗೆ ಅದು ಇಲ್ಲ. ಬಾಗಿಲ ಬಳಿ ಕೂತವರಿಗೆ ಆ ಬಾಗಿಲು ತೆರೆಯಲು, ಹೊಗೆ ತುಂಬಿದರೆ ಜನರನ್ನು ಹೊರಗೆ ಕಳಿಸಲು ಗೊತ್ತಿರಬೇಕು. ಆ ವಿಮಾನದ ತರಬೇತಿ ಪಡೆದು, ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಂಡವರಿಗೆ ಮಾತ್ರ ಅದು ಸಲ್ಲಬೇಕು. ಅವತ್ತೂ ನನಗೆ ಈ ನಿಯಮದ ಮೇಲೆ ಸಿಟ್ಟು ಬರಲಿಲ್ಲ.

ಕಾಕ್‌ಪಿಟ್‌ನಲ್ಲಿಯೂ ಇಬ್ಬರು ಪೈಲಟ್‌ಗಳ ಹಿಂದೆ ಇಂಥ ಸೀಟಿದೆ. ಅದರ ಚರಿತ್ರೆ ಓದಿದರೆ ಮೈ ಜುಂ ಎನ್ನುತ್ತದೆ. 1989ರ ಜುಲೈ 19ರಂದು ಅಮೆರಿಕದಲ್ಲಿ ಯುನೈಟೆಡ್ 232 ಎಂಬ ಡಿಸಿ-10 ವಿಮಾನದ ಹಿಂದಿನ ಎಂಜಿನ್ ಸಿಡಿದು, ಚುಕ್ಕಾಣಿ ತಿರುಗಿಸುವ ದ್ರವದ ಕೊಳವೆಗಳೆಲ್ಲ ಒಡೆದವು. ವಿಮಾನದಲ್ಲಿ ಡೆನ್ನಿಸ್ ಫಿಚ್ ಎಂಬ ಪೈಲಟ್ ತರಬೇತುದಾರರು ಪ್ರಯಾಣಿಕರ ನಡುವೆ ಕೂತು ಮನೆಗೆ ಹೊರಟಿದ್ದರು. ಮುಂದೆ ಬಂದು, ಎರಡು ಪೈಲಟ್ ಸೀಟುಗಳ ನಡುವೆ ನೆಲೆನಿಂತು, ಉಳಿದ ಎರಡು ಎಂಜಿನ್‌ಗಳ ವೇಗ ಏರಿಸುತ್ತಾ ಇಳಿಸುತ್ತಾ ವಿಮಾನವನ್ನು ಸೂ ಸಿಟಿಯ ಓಡುದಾರಿಯವರೆಗೆ ತರಲು ನೆರವಾದರು. 296 ಜನರಲ್ಲಿ 184 ಮಂದಿ ಬದುಕಿದರು. 2018ರ ಅಕ್ಟೋಬರ್ 28ರಂದು ಇಂಡೋನೇಷ್ಯಾದ ಲಯನ್ ಏರ್‌ನ 737 ಮ್ಯಾಕ್ಸ್ ವಿಮಾನ ಬಾಲಿಯಿಂದ ಜಕಾರ್ತಾಗೆ ಹೋಗುವಾಗ ತನ್ನಷ್ಟಕ್ಕೆ ಮೂತಿ ಕೆಳಗೆ ಮಾಡತೊಡಗಿತು. ಹಿಂದಿನ ಸೀಟಿನಲ್ಲಿ ಡ್ಯೂಟಿಯಲ್ಲಿಲ್ಲದ ಮೂರನೆಯ ಪೈಲಟ್ ಒಬ್ಬರು ಇದ್ದರು. ಅವರ ನೆರವಿನಿಂದ ತೊಂದರೆಯ ಮೂಲ ತಿಳಿದು, ಬಾಲದ ರೆಕ್ಕೆ ತಿರುಗಿಸುವ ಮೋಟರ್‌ನ ವಿದ್ಯುತ್ ಕಡಿದು ವಿಮಾನ ಇಳಿಸಿದರು. ಮರುದಿನ ಬೆಳಗ್ಗೆ ಅದೇ ವಿಮಾನ, ಬೇರೆ ಪೈಲಟ್‌ಗಳೊಂದಿಗೆ, ಸಮುದ್ರಕ್ಕೆ ಬಿದ್ದು 189 ಜನ ಸತ್ತರು.

ಇದರ ಇನ್ನೊಂದು ಮುಖವೂ ಇದೆ. 1987ರ ಡಿಸೆಂಬರ್ 7ರಂದು ಕೆಲಸದಿಂದ ತೆಗೆದುಹಾಕಿದ್ದ ನೌಕರನೊಬ್ಬ, ಹಿಂದಿರುಗಿಸದ ಗುರುತಿನ ಚೀಟಿ ತೋರಿಸಿ, ತಪಾಸಣೆ ತಪ್ಪಿಸಿಕೊಂಡು, ಬಂದೂಕು ಸಮೇತ ಕ್ಯಾಲಿಫೋರ್ನಿಯಾದ ಪಿಎಸ್‌ಎ 1771 ವಿಮಾನ ಹತ್ತಿದ. ಅವನಿಂದಾಗಿ ವಿಮಾನ ಬಿದ್ದು, ಅದರಲ್ಲಿದ್ದ 43 ಜನರೂ ಸತ್ತರು. ನೌಕರರಿಗೂ ಪ್ರಯಾಣಿಕರಷ್ಟೇ ತಪಾಸಣೆ ಎಂಬ ನಿಯಮ ಅಮೆರಿಕದಲ್ಲಿ ಗಟ್ಟಿಯಾದದ್ದು ಆಮೇಲೆ. 2001ರ ಸೆಪ್ಟೆಂಬರ್ 11ರ ನಂತರ ಕಾಕ್‌ಪಿಟ್ ಬಾಗಿಲೇ ಬದಲಾಯಿತು. 2003ರ ನವೆಂಬರ್ 1ರಿಂದ ದೊಡ್ಡ ಪ್ರಯಾಣಿಕ ವಿಮಾನಗಳಿಗೆಲ್ಲ ಗುಂಡು ನಾಟದ, ಒಳಗಿನಿಂದ ಬೀಗ ಹಾಕುವ ಬಾಗಿಲು ಅಂತರರಾಷ್ಟ್ರೀಯ ನಿಯಮವಾಯಿತು. ಅಮೆರಿಕದೊಳಗೆ ಒಂದು ಊರಿನಲ್ಲಿ ಮನೆ, ಇನ್ನೊಂದು ಊರಿನಲ್ಲಿ ಕೆಲಸ ಇರುವ ಪೈಲಟ್‌ಗಳು ಬಹಳ. ಅವರಿಗಾಗಿ ಪೈಲಟ್‌ನ ಫೋಟೊ, ಅವರು ಈಗಲೂ ಕೆಲಸದಲ್ಲಿದ್ದಾರೆಯೇ ಎಂಬ ವಿವರವನ್ನು ಗೇಟಿನಲ್ಲೇ ಕಂಪ್ಯೂಟರ್‌ನಲ್ಲಿ ನೋಡಿ, ಬೇರೆ ಕಂಪನಿಯವರಿಗೂ ಆ ಸೀಟು ಕೊಡುವ ಏರ್ಪಾಡು ಮಾಡಿಕೊಂಡರು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಇಂಥ ಸಾಮಾನ್ಯ ಏರ್ಪಾಡು ಇಲ್ಲ. ಬೇರೆ ಕಂಪನಿಯ ಪೈಲಟ್ ಬಂದರೆ ಹಿಂದೆ ಪ್ರಯಾಣಿಕರ ನಡುವೆ ಖಾಲಿ ಸೀಟು ಹುಡುಕಬೇಕು. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಹೊರೈಜನ್ ಏರ್ ವಿಮಾನದಲ್ಲಿ ಹಿಂದಿನ ಸೀಟಿನಲ್ಲಿದ್ದ, ಡ್ಯೂಟಿಯಲ್ಲಿಲ್ಲದ ಪೈಲಟ್ ಒಬ್ಬ ಎಂಜಿನ್ ಬೆಂಕಿ ಆರಿಸುವ ಹಿಡಿಕೆಗಳನ್ನು ಎಳೆಯಲು ಹೋದ. ಮುಂದಿದ್ದ ಇಬ್ಬರು ತಡೆದದ್ದರಿಂದ ವಿಮಾನ ಪೋರ್ಟ್‌ಲ್ಯಾಂಡ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು.

ದುಬೈಗೆ ಸಂಬಂಧಪಟ್ಟದ್ದೂ ಒಂದಿದೆ. 2023ರ ಫೆಬ್ರವರಿ 27ರಂದು ದುಬೈಯಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನದ ಕ್ಯಾಪ್ಟನ್, ಪ್ರಯಾಣಿಕಳಾಗಿ ಬಂದಿದ್ದ ಗೆಳತಿಯನ್ನು ಕಾಕ್‌ಪಿಟ್‌ಗೆ ಕರೆಸಿಕೊಂಡರು. ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಅವರ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿ, ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಆ ಸೀಟಿಗೆ ಯಾರು ಬರಬಹುದು ಎಂಬುದು ಸ್ನೇಹದಿಂದ ತೀರ್ಮಾನವಾಗುವ ವಿಷಯವಲ್ಲ, ದಂಡ ಹಾಕಿದ್ದು ಸರಿಯಾಗಿಯೇ ಇದೆ.

ಭದ್ರತೆಯಷ್ಟು ಜನ ಗಮನಿಸದ ವಿಷಯ ದಣಿವು. 2009ರ ಫೆಬ್ರವರಿ 12ರಂದು ಅಮೆರಿಕದ ಬಫೆಲೋ ಬಳಿ ಕೋಲ್ಗನ್ 3407 ವಿಮಾನ ಬಿದ್ದು 50 ಜನ ಸತ್ತರು. ಅದರ ಸಹಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನಗಳ ಹೆಚ್ಚುವರಿ ಸೀಟಿನಲ್ಲಿ ದೇಶದ ಉದ್ದಕ್ಕೂ ಹಾರಿ ಕೆಲಸಕ್ಕೆ ಬಂದಿದ್ದರು. ಅಪಘಾತಕ್ಕೆ ಮುಖ್ಯ ಕಾರಣ ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆ ಎಂದು ತನಿಖೆ ಹೇಳಿತು, ಆದರೆ ಪೈಲಟ್‌ಗಳ ದಣಿವಿನ ಪ್ರಶ್ನೆ ಎದ್ದು, ಮುಂದೆ ಅವರ ವಿಶ್ರಾಂತಿಯ ನಿಯಮಗಳೇ ಬದಲಾದವು. ರಜೆ ಮುಗಿಸಿ ಬರುವ ನಮ್ಮವರೂ ಹೀಗೆಯೇ. ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ವಿಮಾನ ತಪ್ಪಿ, ನಿಲ್ದಾಣದ ಕುರ್ಚಿಯಲ್ಲಿ ರಾತ್ರಿ ಕಳೆದು, ಇಳಿದವರು ನೇರ ಡ್ಯೂಟಿಗೆ ಬರುತ್ತಾರೆ. ತಡವಾದರೆ ನೋಟಿಸ್. ಅದಕ್ಕೇ ಹೊಸಬರಿಗೆ ನಾನು ಹೇಳುವುದು: ರಜೆಯ ಕೊನೆಯ ಎರಡು ದಿನ ನಿಮ್ಮದಲ್ಲ, ಅದನ್ನು ಗೇಟಿಗೆ ಬಿಟ್ಟುಬಿಡಿ. ದೂರದ ದೇಶಕ್ಕೆ ಹೋಗುವವರು ಇನ್ನೊಂದು ನೆನಪಿಡಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾ ಇಲ್ಲದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಬದಲಿಸುವಾಗ ಸೀಟು ಸಿಗದೆ ಉಳಿದರೆ, ನಿಲ್ದಾಣದ ಹೊರಗೆ ಹೋಟೆಲಿಗೂ ಹೋಗುವಂತಿಲ್ಲ. ಜತೆಯ ಯುರೋಪಿನ ಸಹೋದ್ಯೋಗಿಗೆ ಅದೇ ಟಿಕೆಟ್ ಊರು ಸುತ್ತುವ ಅವಕಾಶ, ನಮಗೆ ಅದು ಕುರ್ಚಿಯ ಮೇಲೆ ಒಂದು ರಾತ್ರಿ.

ಆ ಜುಲೈಯಲ್ಲಿ ನಾನು ಕೊನೆಗೆ ಇನ್ನೊಂದು ಕಂಪನಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ಮಂಗಳೂರಿಗೆ ಟಿಕೆಟ್ ತೆಗೆದೆ. ಅರ್ಧ ತಿಂಗಳ ಸಂಬಳ ಹೋಯಿತು. ಅಪ್ಪ ಬದುಕಿದರು. ಅಷ್ಟು ದುಡ್ಡು ನನ್ನ ಬಳಿ ಇತ್ತು, ಬ್ಯಾಗು ಹೊರುವ ಹುಡುಗರ ಬಳಿ ಇರುವುದಿಲ್ಲ. ವಿಮಾನದ ಹೊಟ್ಟೆಯೊಳಗೆ ಬಗ್ಗಿ ನಿಂತು 45 ಡಿಗ್ರಿಯಲ್ಲಿ ಸೂಟ್‌ಕೇಸ್ ಜೋಡಿಸುವವರಿಗೆ, ದರ್ಜೆ ನೋಡುವ ಕಂಪನಿಗಳಲ್ಲಿ, ಪಟ್ಟಿಯ ತಳವೇ ಗತಿ. ಮೇಲಿನ ಹುದ್ದೆಯವರ ಮಕ್ಕಳು ರಜೆಗೆಂದು ಹೊರಟರೂ ಇವರಿಗಿಂತ ಮೇಲೆ. ಇದು ನನಗೆ ಒಪ್ಪಿಗೆಯಿಲ್ಲ. ಮೊದಲು ಬಂದವರಿಗೆ ಮೊದಲು ಎಂಬ ಕ್ರಮ ಇಟ್ಟರೆ ಕಂಪನಿಗೆ ಒಂದು ಪೈಸೆಯ ಖರ್ಚೂ ಇಲ್ಲ. ಮನೆಯಲ್ಲಿ ಸಾವು ಅಥವಾ ಗಂಭೀರ ಕಾಯಿಲೆ ಆದಾಗ ಕೆಲವು ಕಂಪನಿಗಳು ನೌಕರರಿಗೆ ಖಾತರಿ ಸೀಟು ಕೊಡುತ್ತವೆ. ಎಲ್ಲ ಕಂಪನಿಗಳೂ ಕೊಡಬೇಕು, ಗುತ್ತಿಗೆಯವರಿಗೂ ಕೊಡಬೇಕು. ವರ್ಷಕ್ಕೊಮ್ಮೆ ನಡೆಯುವ ನಮ್ಮ ವಿಭಾಗದ ಸಭೆಯಲ್ಲಿ ನಾನು ಇದನ್ನು ಬರೆದುಕೊಡುತ್ತಾ ಬಂದಿದ್ದೇನೆ, ಈ ಸಲವೂ ಕೊಟ್ಟಿದ್ದೇನೆ. ಈ ಸಲ ಪುತ್ತೂರಿನ ಹುಡುಗನೂ ಗೇಟಿನವರ ಸಹಿ ಸಂಗ್ರಹಿಸಿ ಕೊಟ್ಟಿದ್ದಾನೆ.